ಮೂರು ದಿನ ಜಗಳವಿಲ್ಲದಿದ್ದರೆ

“ಇನ್ಮೇಲೆ ನಾನ್ ಯಾವಾಗ ಬೇಕಾದ್ರೂ ಸಾಯ್ಬೋದು ಕಣೇ!” ಎಂದು ಚನ್ನವೀರಯ್ಯನವರು ಹೆಮ್ಮೆಯಿಂದ ಪೆಟ್ಟಿಗೆಯ ಮೇಲಿನ ಟವೆಲ್ ಎಳೆದರು.

ಹೆಂಡತಿ ವನಜಾಕ್ಷಮ್ಮನಿಗೆ ಮೈಯೆಲ್ಲ ಉರಿಯಿತು. ತೀರಿಹೋದ ತಾಯಿ ಹಾಡಿದ್ದ ಸೋಬಾನೆ ಪದಗಳ ರೆಕಾರ್ಡಿಂಗೆಲ್ಲ ಇದ್ದದ್ದು ಗಂಡನ ಆನ್‌ಲೈನ್ ಖಾತೆಯಲ್ಲಿ. ಪಾಸ್‌ವರ್ಡ್ ಗೊತ್ತಿದ್ದರೂ ಗಂಡನ ಫೋನಿಗೆ ಬರುವ ಓಟಿಪಿ ಇಲ್ಲದೆ ಅದು ತೆರೆಯದು. ಹೋದ ವರ್ಷ ತಮ್ಮ ತೀರಿಕೊಂಡಾಗ ಅವನ ಫೋಟೋಗಳೆಲ್ಲ ಹೀಗೇ ಕೈತಪ್ಪಿದ್ದವು. ಓಟಿಪಿ ಇಲ್ಲದೆಯೂ ಖಾತೆ ತೆರೆಯಲು ಹತ್ತು ತುರ್ತು ಸಂಖ್ಯೆಗಳಿವೆಯಂತೆ, ಒಂದು ಚೀಟಿಯಲ್ಲಿ ಬರೆದುಕೊಡಿ ಎಂದು ಯುಗಾದಿಯಿಂದ ಗೋಗರೆದರೆ, ಈ ಮಹಾಶಯರು ಎರಡು ತಿಂಗಳು ಅಟ್ಟ ಸೇರಿ ಯಂತ್ರ ಮಾಡಿ ತಂದಿದ್ದರು!

“ಇದ್ರ ಹೆಸ್ರು ವಾರಸುದಾರ. ನಾನ್ ಸತ್ತೆ ಅಂತ ಖಾತ್ರಿ ಆದ್ರೆ ನನ್ ಫೋನಿಗೆ ಬೀಗ ಹಾಕಿ, ಸಂಖ್ಯೆಗಳನ್ನ ನಿಂಗೆ ಹೇಳುತ್ತೆ!”

“ಸತ್ರಿ ಅಂತ ಅದಕ್ಕೆ ಹೇಗ್ರೀ ಗೊತ್ತಾಗುತ್ತೆ?”

“ಮೂವತ್ನಾಲ್ಕು ವರ್ಷದಲ್ಲಿ ಒಂದಿನಾನೂ ತಪ್ಪದೇ ಇರೋದು ನಮ್ ಜಗಳ ಒಂದೇ. ಅದನ್ನ ಕೇಳಿಸ್ಕೊಳುತ್ತೆ. ಮೂರ್ ದಿನ ಜಗಳ ಇಲ್ಲ ಅಂದ್ರೆ ನಾನಿಲ್ಲ ಅಂತ!”

ತಾನು ಜಗಳಗಂಟಿ ಎಂದು ಯಂತ್ರದಲ್ಲೂ ದಾಖಲಾಯಿತೇ! ವನಜಾಕ್ಷಮ್ಮ ಆ ಕ್ಷಣದಿಂದಲೇ ಮಾತು ಬಿಟ್ಟರು. ಲೋಟ ಕುಕ್ಕಿದರೆ ಕಾಫಿ, ತಟ್ಟೆ ಕುಕ್ಕಿದರೆ ಊಟ. ಚನ್ನವೀರಯ್ಯನವರೋ, ಮನೆ ತಣ್ಣಗಾಯಿತೆಂದು ಖುಷಿಯಿಂದ ಪೇಪರ್ ಓದುತ್ತಾ ಕೂತರು. ಮೂರು ದಿನದ ಮಾತು ಇಬ್ಬರಿಗೂ ಮರೆತೇ ಹೋಗಿತ್ತು.

ನಾಲ್ಕನೆಯ ಬೆಳಗ್ಗೆ ಪೆಟ್ಟಿಗೆ ಕೆಂಪಗೆ ಮಿನುಗಿತು. “ಯಜಮಾನರು ತೀರಿಕೊಂಡಿದ್ದಾರೆ. ಫೋನಿಗೆ ಬೀಗ ಹಾಕಲಾಗಿದೆ.”

“ಲೋ, ಇಲ್ಲೇ ದೋಸೆ ತಿಂತಾ ಇದೀನಲ್ಲೋ!” ಎಂದು ಯಜಮಾನರು ಕಿರುಚಿದರು.

“ಮೃತರು ದಯವಿಟ್ಟು ಶಾಂತವಾಗಿರಬೇಕು.”

ಪೆಟ್ಟಿಗೆಯಿಂದ ಬಂಧುಗಳಿಗೆಲ್ಲ ಸುದ್ದಿಯೂ ಹೋಗಿತ್ತು. ಪಕ್ಕದ ಬೀದಿಯ ಷಡ್ಡಕ ಮಹದೇವಪ್ಪ ಹಾರ ಹಿಡಿದು ಓಡಿಬಂದರು. ಹೆಣವೇ ಬಾಗಿಲು ತೆರೆದದ್ದನ್ನು ಕಂಡು, ಹಾರ ಅಲ್ಲೇ ಎಸೆದು ಬಂದದ್ದಕ್ಕಿಂತ ಜೋರಾಗಿ ಓಡಿದರು!

ವನಜಾಕ್ಷಮ್ಮ ಪೆಟ್ಟಿಗೆಯ ಮುಂದೆ ನಿಂತು, “ಸಂಖ್ಯೆ ಕೊಡು” ಎಂದರು.

“ಪತ್ನಿಗೆ ನಮ್ಮ ಸಂತಾಪ. ಸಂಖ್ಯೆ ಪಡೆಯಲು, ಮೃತರ ಫೋನಿಗೆ ಈಗಷ್ಟೇ ಕಳಿಸಿರುವ ಓಟಿಪಿ ಹೇಳಿ.”

ಫೋನಿಗೆ ಬೀಗ ಬಿದ್ದಾಗಿತ್ತು. ಒಳಗೆ ಅಮ್ಮನ ಹಾಡು! ವನಜಾಕ್ಷಮ್ಮನಿಗೆ ಮೊದಲು ಕಣ್ಣೀರು ಬಂತು, ಅದರ ಹಿಂದೆಯೇ ಸಿಟ್ಟು ನೆತ್ತಿಗೇರಿತು.

“ರೀ! ಬೀಗ ಹಾಕಿರೋ ಫೋನಿಗೇ ಓಟಿಪಿ ಕಳಿಸುತ್ತಲ್ರೀ ನಿಮ್ ಡಬ್ಬ! ಒಂದ್ ಚೀಟಿ ಬರೀರಿ ಅಂದ್ರೆ ಹೆಣ ಆಗಿ ಕೂತಿದೀರಲ್ಲ! ನಮ್ಮಮ್ಮ ಇನ್ನೊಂದ್ಸಲ ಬಂದು ಹಾಡ್ತಾಳೇನ್ರೀ?”

“ನೀನ್ ಮಾತ್ ಬಿಟ್ಟಿದ್ದಕ್ಕೇ ತಾನೇ ನಾನ್ ಸತ್ತಿದ್ದು!”

“ಬಾಯ್ಮುಚ್ರೀ ಸಾಕು!”

ಪೆಟ್ಟಿಗೆ ಹಸಿರಾಯಿತು. “ಜಗಳ ದೃಢಪಟ್ಟಿದೆ. ಯಜಮಾನರಿಗೆ ಪುನರ್ಜನ್ಮದ ಶುಭಾಶಯಗಳು.” ಫೋನಿನ ಬೀಗವೂ ತೆರೆಯಿತು.

ಅದು ಮನಸ್ಸು ಬದಲಿಸುವ ಮೊದಲೇ ವನಜಾಕ್ಷಮ್ಮ ಪ್ಲಗ್ ಕಿತ್ತರು. ಕ್ಯಾಲೆಂಡರಿನ ಹಾಳೆಯೊಂದನ್ನು ಪರ್ರನೆ ಹರಿದು ಗಂಡನ ಮುಂದಿಟ್ಟರು. ಫೋನ್ ನೋಡಿಕೊಂಡು ಹತ್ತರಲ್ಲಿ ಏಳು ಸಂಖ್ಯೆ ಬರೆದ ಚನ್ನವೀರಯ್ಯನವರು ಪೆನ್ನೆತ್ತಿ ಹೊಸ ಯಂತ್ರದ ಕನಸಿಗೆ ಜಾರಿದರು.

“ಅಲ್ಲ ಕಣೇ, ಈ ಚೀಟಿ ಕಳೆದುಹೋದ್ರೆ?”

“ಇನ್ನೊಂದ್ ಬರೀರಿ. ಬದುಕಿದೀರಲ್ಲ!”