ಮರಣೋತ್ತರ ಖಾಯಮಾತಿ

ದಕ್ಷಿಣ ಟೆಕ್ಸಾಸಿನ ನಮ್ಮ ವಿಶ್ವವಿದ್ಯಾಲಯದಲ್ಲಿ ಕವಯಿತ್ರಿ ಎರ್ಲಿಂಡಾ ಬರ್ರೇರಾ ಅವರು ಸತ್ತ ನಂತರ ಖಾಯಂ ಪ್ರಾಧ್ಯಾಪಕಿಯಾದರು. ಈಗಲೂ ಪಾಠ ಮಾಡುತ್ತಿದ್ದಾರೆ, ಆರೋಗ್ಯವಾಗಿದ್ದಾರೆ.

ಅದಕ್ಕೂ ಮೊದಲು ಅವರು ನನ್ನಂತೆಯೇ ತಾತ್ಕಾಲಿಕ ಉಪನ್ಯಾಸಕಿ. ಹತ್ತಿ ಬಿಡಿಸುತ್ತಿದ್ದ ತಮ್ಮ ಅಜ್ಜಿಯ ಮೇಲೆ ಅವರು ಬರೆದ ಕವನಗಳು ಸಂಶೋಧನೆಯಲ್ಲ, ಲೇಖಕಿಗೆ ವಸ್ತುವಿನಿಂದ ಸಾಕಷ್ಟು ದೂರವಿಲ್ಲ ಎಂದು ಖಾಯಮಾತಿ ಸಮಿತಿ ತೀರ್ಮಾನಿಸಿತ್ತು. ಆ ಕವನಗಳ ಮೇಲೆ ನಮ್ಮ ವಿಭಾಗದ ಹಟ್ಟನ್ ಸಾಹೇಬರು ಬರೆದ ಪುಸ್ತಕ ಮಾತ್ರ ಸಂಶೋಧನೆ. ಅದರಿಂದಲೇ ಅವರು ಡೀನ್ ಆದರು. ಎರ್ಲಿಂಡಾರ ಕೆಲಸ ಮೇ ತಿಂಗಳಿಗೆ ಮುಗಿಯುವುದಿತ್ತು.

ನವೆಂಬರಿನ ಸತ್ತವರ ಹಬ್ಬಕ್ಕೆ ಮೆಕ್ಸಿಕೋ ಮೂಲದವರಾದ ನಾವು ಮನೆಯಲ್ಲಿ ಮಂಟಪ ಕಟ್ಟಿ, ತೀರಿಕೊಂಡವರ ಪಟವಿಟ್ಟು, ಚೆಂಡುಹೂ ಸುರಿದು, ಅವರಿಗಿಷ್ಟವಾದದ್ದನ್ನು ಬಡಿಸುತ್ತೇವೆ. ಆ ವರ್ಷ ವಿಶ್ವವಿದ್ಯಾಲಯದ ಸಾಂಸ್ಕೃತಿಕ ಗೌರವ ಕಚೇರಿಯೂ ಗ್ರಂಥಾಲಯದಲ್ಲಿ ಮಂಟಪ ಕಟ್ಟಿತು. ಹೆಮ್ಮೆಯಿಂದ ಇಡಲು ನಮ್ಮ ಜನರ ಪೈಕಿ ಅವರ ಬಳಿ ಇದ್ದದ್ದು ಎರ್ಲಿಂಡಾರ ಪಟವೊಂದೇ, ಅದನ್ನೇ ಇಟ್ಟರು. ಡೀನ್ ಅದನ್ನು ನೋಡಿ, ಎರ್ಲಿಂಡಾ ತೀರಿಕೊಂಡರೆಂದು ಕಣ್ಣೊರೆಸಿಕೊಂಡು ಸಂತಾಪ ಸಭೆ ಕರೆದರು. ಸಭೆ ಒಮ್ಮತದಿಂದ ಮರಣೋತ್ತರ ಖಾಯಮಾತಿ ನೀಡಿತು. ಎರ್ಲಿಂಡಾ ಹಿಂದಿನ ಸಾಲಿನಲ್ಲೇ ಕೂತಿದ್ದರು. ತಾತ್ಕಾಲಿಕರು ಸಭೆಯಲ್ಲಿ ಮಾತಾಡುವಂತಿಲ್ಲ.

ಸಭೆ ಮುಗಿದ ಮೇಲೆ ಎರ್ಲಿಂಡಾ ಡೀನರ ಕೋಣೆಗೆ ಹೋದರು.

"ಸರ್, ನಾನು ಸತ್ತಿಲ್ಲ."

"ಅದು ನಂಗೂ ಕಾಣ್ತಿದೆ. ಆದ್ರೆ ಬದುಕಿದೀರಿ ಅಂತ ತಿದ್ದಿದ್ರೆ ಮೇ ತಿಂಗಳಿಗೆ ಮನೆಗೆ ಹೋಗ್ಬೇಕಾಗತ್ತೆ. ಸತ್ತವರನ್ನ ಕೆಲಸದಿಂದ ತೆಗೆಯೋಕೆ ನಮ್ಮಲ್ಲಿ ನಿಯಮಾನೇ ಇಲ್ಲ. ಸಮಿತಿ ಕೇಳ್ತಿದ್ದ ದೂರಾನೂ ಈಗ ನಿಮಗೆ ಬಂದಿದೆ."

ಬಾಯಿ ಬಿಟ್ಟರೆ ಬಣ್ಣಗೇಡು. ಎರ್ಲಿಂಡಾ ಬಾಯಿ ಬಿಡಲಿಲ್ಲ.

ಮರುದಿನ ಸುದ್ದಿ ಕೇಳಿ ಅವರ ತಾಯಿ ಎನ್ರಿಕೆತಾ ಗ್ರಂಥಾಲಯಕ್ಕೆ ನುಗ್ಗಿದರು.

"ಹೆತ್ತವಳು ನಾನಿನ್ನೂ ಗುಂಡುಕಲ್ಲಿನ ಹಾಗಿದೀನಿ, ನೀನಾಗ್ಲೇ ಹೂವಿನ ಮಧ್ಯ ಕೂತಿದೀಯಾ? ಕಿತ್ತು ಬಿಸಾಕೇ ಅದನ್ನ!"

"ಅಮ್ಮಾ, ಕೆಲಸ ಖಾಯಂ ಆಯ್ತು."

ತಾಯಿಯ ಕೈ ಗಾಳಿಯಲ್ಲೇ ನಿಂತಿತು. "ಆರೋಗ್ಯ ವಿಮೆನೂ ಕೊಡ್ತಾರಾ?"

"ಹಲ್ಲಿನದೂ ಸೇರಿ."

ತಾಯಿ ಶಿಲುಬೆಯ ಗುರುತು ಹಾಕಿಕೊಂಡು, ಓರೆಯಾಗಿದ್ದ ಪಟವನ್ನು ನೆಟ್ಟಗೆ ಮಾಡಿದರು. ಆಮೇಲೆ ಸ್ವಲ್ಪ ಅತ್ತರು. ಜೊತೆಗಿದ್ದ ನಾನೂ ಅತ್ತೆ. ಅದರಲ್ಲಿ ಅರ್ಧ ಹೊಟ್ಟೆಕಿಚ್ಚು.

ಅಂದಿನಿಂದ ಪ್ರತಿ ಹಬ್ಬಕ್ಕೂ ತಾಯಿ ಮಂಟಪದ ಮುಂದೆ ಮೆಕ್ಕೆಜೋಳದ ಕಡುಬು, ತಮಾಲೆ, ಇಡುತ್ತಾರೆ. ಎರ್ಲಿಂಡಾ ಪಾಠ ಮುಗಿಸಿ ಬಂದು ಬಿಸಿಯಿರುವಾಗಲೇ ತಿನ್ನುತ್ತಾರೆ.

ಈ ವರ್ಷ ನಾವು ತಾತ್ಕಾಲಿಕರೆಲ್ಲ ಪಟ ಕೊಟ್ಟಿದ್ದೇವೆ. ಮಂಟಪದಲ್ಲಿ ಒಂದೇ ಸ್ಥಾನ ಖಾಲಿಯಿರುವುದರಿಂದ, ಅರ್ಹರೊಬ್ಬರನ್ನು ಸಂದರ್ಶನದ ಮೂಲಕ ಮೃತರೆಂದು ಆಯ್ಕೆ ಮಾಡಲಾಗುವುದು ಎಂದು ಪ್ರಕಟಣೆ ಹೊರಟಿದೆ. ಆ ಒಬ್ಬರು ನಾನೇ ಆಗಲೆಂದು ನನ್ನಮ್ಮ ಗುವಾದಲೂಪೆಯ ಮಾತೆಗೆ ಹರಕೆ ಹೊತ್ತಿದ್ದಾಳೆ.