ಸೋರುವುದು ನಿಂತ ಜೀಪು

ಮುಂಜಾನೆ ಬೇಗ ಏಳುವವರ ಬಗ್ಗೆ ನನಗೆ ಬಹಳ ಗೌರವ; ದೂರದಿಂದಲೇ ಕೈಮುಗಿದು ಮಗ್ಗಲು ಬದಲಿಸುವಂಥ ಗೌರವ. ಮದುವೆಗೆ ಮುಂಚೆ ಸೂರ್ಯ ಹುಟ್ಟುವುದನ್ನು ನಾನು ಎರಡೇ ಸಲ ನೋಡಿದ್ದೆ, ಎರಡು ಸಲವೂ ರೈಲು ತಪ್ಪಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದಾಗ. ಇಂಥವನು ಮನೆಯಳಿಯನಾಗಿ ಹೋಗಿ ಸೇರಿದ್ದು ಬ್ಯಾಡಗಿಯಲ್ಲಿ, ದಿನಾ ನಾಲ್ಕೂವರೆಗೆ ಏಳುವ ಮೆಣಸಿನಕಾಯಿ ದಲಾಲರೊಬ್ಬರ ಮನೆಗೆ. ಅವರು ನನ್ನ ತಾಯಿಯ ಅಣ್ಣ, ಸೋದರಮಾವ. ಮಗಳು ಗಿರಿಜಾಳನ್ನು ಕೊಟ್ಟ ಮೇಲೆ ಎರಡೂ ಕಡೆಯಿಂದ ಮಾವ. ಹೀಗಾಗಿ ನನ್ನನ್ನು ಬೈಯುವ ಹಕ್ಕೂ ಅವರಿಗೆ ಎರಡೂ ಕಡೆಯಿಂದ ಬಂದಿತ್ತು. ನಾನು ಎಂಟು ಗಂಟೆಗೆ ಕಣ್ಣುಜ್ಜಿಕೊಳ್ಳುತ್ತ ಪಡಸಾಲೆಗೆ ಬಂದರೆ, ಅಷ್ಟರಲ್ಲಿ ಒಂದು ಸುತ್ತು ಮಾರ್ಕೆಟ್ಟಿಗೆ ಹೋಗಿಬಂದಿರುತ್ತಿದ್ದ ಮಾವ, "ಎಂಟಕ್ಕ ಏಳಾಂವ ಮನಿಮಂದಿ ಅಲ್ಲಪಾ, ಬೀಗರು. ಗಿರಿಜಾ, ಬೀಗರು ಎದ್ರು ನೋಡು, ಚಾ ಕೊಡು" ಎನ್ನುತ್ತಿದ್ದರು. ನಾನು ಚಹಾ ಕುಡಿಯುತ್ತಿದ್ದೆ. ಬೈಗುಳಕ್ಕೆ ಬೇಸರಪಟ್ಟು ಚಹಾ ಬಿಡುವಷ್ಟು ಸ್ವಾಭಿಮಾನ ನನಗೆ ಆಗಲೂ ಇರಲಿಲ್ಲ.

ಮಾವನ ಹತ್ತಿರ ಒಂದು ಜೀಪಿತ್ತು. ಯಾವುದೋ ಇಲಾಖೆಯವರು ಹರಾಜಿಗೆ ಹಾಕಿದ್ದ ಹಳೆಯ ಫೋರ್ ವ್ಹೀಲ್ ಗಾಡಿ. ಮಳೆಗಾಲದ ಎರೆಮಣ್ಣಿನ ದಾರಿಯಲ್ಲಿ ಎತ್ತುಗಳೇ ಹಿಂದೆಮುಂದೆ ನೋಡುವಾಗ ಅದು ನಾಲ್ಕೂ ಗಾಲಿ ತಿರುಗಿಸಿಕೊಂಡು ಹೋಗಿ ರೈತರ ಅಂಗಳದಲ್ಲಿ ನಿಲ್ಲುತ್ತಿತ್ತು. ಅದಕ್ಕಿದ್ದದ್ದು ಒಂದೇ ಊನ. ಗೇರ್‌ಬಾಕ್ಸಿನ ಹಿಂದೆ ಫೋರ್ ವ್ಹೀಲಿಗೆಂದೇ ಇನ್ನೊಂದು ಪೆಟ್ಟಿಗೆ ಇರುತ್ತದೆ. ಅದರ ತಳಕ್ಕೆ ಹತ್ತು ಬೋಲ್ಟು ಹಾಕಿ ಬಿಗಿದ ಕಬ್ಬಿಣದ ತಟ್ಟೆ. ಎಣ್ಣೆ ನಿಲ್ಲುವ ಯಾವ ತಳವನ್ನೂ ನಮ್ಮ ಮೇಸ್ತ್ರಿಗಳು ಚೇಂಬರ್ ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಆ ಚೇಂಬರ್ ಸೋರುತ್ತಿತ್ತು. ಅದರ ಕೆಳಗೆ ಮಾವ ಅಂಚು ಮುರಿದ ಹಳೆಯ ತಾಟೊಂದನ್ನು ಇಟ್ಟಿದ್ದರು. ಎದ್ದವರು ಮುಖ ತೊಳೆಯುವ ಮುಂಚೆ ಮೊದಲು ಆ ತಾಟು ನೋಡುತ್ತಿದ್ದರು. ಅದರಲ್ಲಿ ರಾತ್ರಿಯ ಎಣ್ಣೆ ಒಂದು ಚಮಚೆಯಷ್ಟು ಕಪ್ಪಗೆ ನಿಂತಿದ್ದರೆ ಅವರಿಗೆ ಸಮಾಧಾನ. ಅದನ್ನು ಡಬ್ಬಿಗೆ ಬಗ್ಗಿಸಿ ಬಾಗಿಲಿನ ತಿರುಗಣಿಗೆ, ಪಕ್ಕದ ಮನೆಯವರ ಎತ್ತಿನ ಚಕ್ಕಡಿಗೆ ಹಚ್ಚಲು ಕೊಡುತ್ತಿದ್ದರು. ರಿಪೇರಿ ಮಾಡಿಸಿ ಎಂದರೆ, "ಸೋರಾಕತ್ತೈತಿ ಅಂದ್ರ ಒಳಗ ಎಣ್ಣಿ ಐತಿ ಅಂತ ಅರ್ಥ. ಸೋರೂದು ನಿಂತ ದಿನಾ ನಾ ಚಿಂತಿ ಮಾಡ್ತೇನಿ" ಎಂಬ ಉತ್ತರ.

ಈ ಜೀಪಿನ ಕೀಲಿ ಪಡಸಾಲೆಯ ಗೂಟಕ್ಕೆ ತೂಗುತ್ತಿತ್ತು, ನನ್ನ ಕೈಗೆ ಎಟುಕುವಷ್ಟೇ ಎತ್ತರದಲ್ಲಿ. ಆದರೆ ಮುಟ್ಟುವಂತಿರಲಿಲ್ಲ. "ಲಗೂ ಏಳೂದು ಕಲಿ. ಯುಗಾದಿಗೆ ಕೀಲಿ ನಿನ್ನ ಕೈಯಾಗ ಇಡ್ತೇನಿ" ಎಂದು ಮಾವ ಮಾತು ಕೊಟ್ಟಿದ್ದರು. ಮನೆಯಳಿಯನಾಗಿದ್ದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಆ ಕೀಲಿ ಬಂದರೆ ನಾನು ಆ ಮನೆಯಲ್ಲಿ ಬೀಗನಲ್ಲ, ಮನೆಮಂದಿ. ಯುಗಾದಿಗೆ ಇನ್ನು ಎರಡು ತಿಂಗಳಿತ್ತು. ಸುಮ್ಮನಿದ್ದಿದ್ದರೆ ಆಗುತ್ತಿತ್ತು.

ಸುಮ್ಮನಿರಲಿಲ್ಲ. ಮಾವ, ಅತ್ತೆ ಇಬ್ಬರೂ ಗದಗಿನಲ್ಲಿ ಒಂದು ಮದುವೆಗೆಂದು ಶನಿವಾರ ರೈಲು ಹತ್ತಿದರು. ಮಂಗಳವಾರ ಸಂಜೆ ಆರೂವರೆ ಗಾಡಿಗೆ ವಾಪಸು. ನಾನು ಜ್ವರ ಎಂದು ಹೇಳಿ ಉಳಿದುಕೊಂಡೆ. ನನಗೆ ಆರೈಕೆ ಬೇಕೆಂದು ಗಿರಿಜಾಳೂ ಉಳಿದಳು. ಜ್ವರದ ನಿಜವಾದ ಕಾರಣ ನಾನು ಗುಮಾಸ್ತನಾಗಿದ್ದ ಕೋಲ್ಡ್ ಸ್ಟೋರೇಜಿನ ಮ್ಯಾನೇಜರು. ಅವರ ಮುಂದೆ ಒಮ್ಮೆ ಬಾಯಿತಪ್ಪಿ "ನಮ್ಮ ಜೀಪು ಹೊಳಿದಂಡಿ ಸೀದಾ ಏರತೈತ್ರಿ ಸಾಹೇಬ್ರ" ಎಂದಿದ್ದೆ. ಅವರು ಅದನ್ನು ಮರೆಯಲಿಲ್ಲ, ಏರಿಸಿ ತೋರಿಸಿ ಎಂದು ಬೆನ್ನು ಹತ್ತಿದ್ದರು. ರವಿವಾರ ಮುಂಜಾನೆ ಕೀಲಿ ಗೂಟದಿಂದ ನನ್ನ ಜೇಬಿಗೆ ಬಂತು. ಗಿರಿಜಾ ಬಾಗಿಲಿಗೆ ಅಡ್ಡ ನಿಂತು, "ನಿಮ್ಮ ಜ್ವರಾ ಇಳೀತೇನು?" ಎಂದಳು. "ಹೊಳಿ ಗಾಳಿಗೆ ಇಳೀತೈತಿ" ಎಂದು ಹೊರಟೆ.

ಐರಣಿಯಲ್ಲಿ ತುಂಗಭದ್ರೆಯ ದಂಡೆಗೆ ಜೀಪು ಇಳಿಸಿ, ಫೋರ್ ವ್ಹೀಲ್ ಹಾಕಿ, ಮ್ಯಾನೇಜರ ಕಡೆ ಒಂದು ನೋಟ ಬೀರಿ ಏರು ಹಿಡಿದೆ. ಅರ್ಧ ಏರಿದ್ದೇವೆ, ಕೆಳಗೆ ಖಟ್ ಎಂದು ಸದ್ದಾಯಿತು. ಮರಳಲ್ಲಿ ಮುಚ್ಚಿಕೊಂಡಿದ್ದ ಕಲ್ಲು. ಇಳಿದು ಬಗ್ಗಿ ನೋಡಿದರೆ ಎಣ್ಣೆ ಸೋರುತ್ತಿಲ್ಲ, ಸುರಿಯುತ್ತಿದೆ. ಮ್ಯಾನೇಜರು, "ಇದು ನಿಮ್ಮ ಜೀಪೋ, ನಿಮ್ಮ ಮಾವನವರದೋ?" ಎಂದು ಕೇಳಿದರು. ಕೆಲವರಿಗೆ ಯಾವ ಪ್ರಶ್ನೆಯನ್ನು ಯಾವಾಗ ಕೇಳಬೇಕೆಂಬುದು ಚೆನ್ನಾಗಿ ಗೊತ್ತಿರುತ್ತದೆ. ಅವರು ಬಸ್ಸು ಹಿಡಿದು ಹೋದರು. ನಾನು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಸಂಜೆಯ ಹೊತ್ತಿಗೆ ರಾಣೆಬೆನ್ನೂರು ಮುಟ್ಟಿದೆ. ದಾರಿಯುದ್ದಕ್ಕೂ ಎದುರಿಗೆ ಬಂದ ಪ್ರತಿ ಬಿಳಿ ಟೋಪಿಯಲ್ಲಿ ಮಾವನೇ ಕಾಣುತ್ತಿದ್ದರು.

ರಾಣೆಬೆನ್ನೂರಿನ ಹನುಮಂತಪ್ಪ ಮೇಸ್ತ್ರಿ ಜೀಪಿನ ಕೆಳಗೆ ಹೋದವರು ಒಂದು ಬೀಡಿ ಮುಗಿಯುವಷ್ಟು ಹೊತ್ತು ಹೊರಬರಲಿಲ್ಲ. ಆಮೇಲೆ ಬಂದು ಕೈ ಒರೆಸಿಕೊಳ್ಳುತ್ತ, "ಚೇಂಬರ್ ಬಾಯಿ ಬಿಟ್ಟೈತ್ರಿ. ವೆಲ್ಡಿಂಗಿಗೆ ನಿಲ್ಲಾಂಗಿಲ್ಲ. ಹೊಸಾದ ಹಾಕಬೇಕು" ಎಂದರು.

"ಹಾಕ್ರಿ."

"ಕಂಪನಿ ಮಾಲು ಬೇಕಂದ್ರ ಎಂಟ ದಿನಾ ಆಗತೈತಿ. ಹಾವೇರ್ಯಾಗ ಒಬ್ರು ಲೋಕಲ್ ಮಾಲು ಇಟ್ಟಾರ. ತಂದ್ರ ಕೂಡಸ್ತೇನಿ. ಅದು ಕೂಡೂದು ಬಿಡೂದು ಅದರ ಮರ್ಜಿ."

ಸೋಮವಾರ ಹಾವೇರಿಗೆ ಹೋದೆ. ಅಂಗಡಿಗೆ ಬೀಗ. ಮಾಲೀಕರು ಹೊಲದ ವ್ಯಾಜ್ಯದ ತಾರೀಖಿಗೆ ಕೋರ್ಟಿಗೆ ಹೋಗಿದ್ದಾರೆಂದು ಪಕ್ಕದವರು ಹೇಳಿದರು. ಕೋರ್ಟಿಗೆ ಹೋದವರು ಯಾವಾಗ ಬರುತ್ತಾರೆಂದು ಹಾವೇರಿಯಲ್ಲಿ ಯಾರೂ ಕೇಳುವುದಿಲ್ಲ, ನಾನೂ ಕೇಳಲಿಲ್ಲ. ಕಟ್ಟೆಯ ಮೇಲೆ ಕೂತು, ಅವರ ಎದುರುಪಾರ್ಟಿಯವರೇ ಗೆದ್ದು ಬೇಗ ಮುಗಿಯಲಿ ಎಂದು ಹಾರೈಸಿದೆ. ಕಡೆಗೆ ನಾಲ್ಕು ಗಂಟೆಗೆ ಬಂದರು, ಅಟ್ಟದಿಂದ ಚೇಂಬರ್ ಇಳಿಸಿ ಧೂಳು ಊದಿ ಕೊಟ್ಟರು. ಮಾವನ ಜೀಪಿನದಕ್ಕಿಂತ ಆಳ ಒಂದು ಬೆರಳು ಹೆಚ್ಚು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಪಕ್ಕದ ಮುದುಕಿ ಮುಟ್ಟಿ ನೋಡಿ, "ಹಿಟ್ಟು ನಾದೂ ಪರಾತ ಏನೋ ತಮ್ಮಾ? ಇಷ್ಟ್ಯಾಕ ತೂತು ಇದಕ್ಕ?" ಎಂದಳು. ಹೌದವ್ವ, ನನ್ನನ್ನು ನಾದುವುದಕ್ಕೆ ಎಂದುಕೊಂಡೆ.

ಮಂಗಳವಾರ. ಹೊಸ ಚೇಂಬರಿನ ಹತ್ತು ತೂತುಗಳಲ್ಲಿ ಎಂಟು ಕೂಡಿದವು, ಎರಡು ಕೂಡಲಿಲ್ಲ. ಮೇಸ್ತ್ರಿ ಅರ ಹಿಡಿದು ಉಜ್ಜತೊಡಗಿದರು. ಊಟದ ಹೊತ್ತಾಯಿತು, ಉಂಡರು. ಎಲೆಅಡಿಕೆ ಹಾಕಿಕೊಂಡರು. ಆಮೇಲೆ ಎಣ್ಣೆ ಸೋರದಂತೆ ನಡುವೆ ಕೂಡಿಸುವ ಪ್ಯಾಕಿಂಗಿನ ದಪ್ಪ ಹಾಳೆಯನ್ನು ಚೇಂಬರಿನ ಅಂಚಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಬಡಿದು ಅಳತೆಗೆ ಕತ್ತರಿಸಿದರು. ಅಷ್ಟು ನಿಧಾನದ ಕೆಲಸವನ್ನು ನಾನು ಜನ್ಮದಲ್ಲಿ ನೋಡಿಲ್ಲ. ಮೂರೂವರೆಗೆ ಒಂಬತ್ತು ಬೋಲ್ಟು ಕೂತವು. ಹತ್ತನೆಯದು ಅರ್ಧ ತಿರುಗಿ ಟಪ್ ಎಂದು ಮುರಿಯಿತು. ಮುರಿದ ತುಂಡು ಒಳಗೇ ಉಳಿಯಿತು.

"ಒಂದ ಬೋಲ್ಟಿಗೆ ಏನಾಗತೈತ್ರಿ, ಹಂಗ ಬಿಡ್ರಿ" ಎಂದೆ.

ಹನುಮಂತಪ್ಪ ಜೀಪಿನ ಕೆಳಗಿನಿಂದಲೇ, "ನಿಮಗ ಗಾಡಿ ಬೇಕೋ, ಗಾಡಿ ಹೆಸರ ಬೇಕೋ? ನನ್ನ ಕೈಯಾಗಿಂದ ಹ್ವಾದ ಗಾಡಿ ಒಂದ ಹನಿನೂ ಸೋರಾಂಗಿಲ್ಲ" ಎಂದರು. ಆ ಮಾತಿನ ಅಪಾಯ ನನಗೆ ಅಲ್ಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಗಡಿಯಾರವೊಂದೇ ಕಾಣುತ್ತಿತ್ತು. ತುಂಡು ಹೊರಬಂದು, ಎಣ್ಣೆ ತುಂಬಿ, ಜೀಪು ಹೊರಟಾಗ ಐದೂಕಾಲು. ಮೋಟೆಬೆನ್ನೂರಿನ ತನಕ ಹೆದ್ದಾರಿಯ ಲಾರಿಗಳ ಹಿಂದೆ, ಆಮೇಲೆ ಎತ್ತಿನ ಬಂಡಿಗಳ ಹಿಂದೆ. ಅಂಗಳದಲ್ಲಿ ಜೀಪು ನಿಲ್ಲಿಸಿ ಕೀಲಿಯನ್ನು ಗೂಟಕ್ಕೆ ಹಾಕುವಾಗ ಸ್ಟೇಷನ್ನಿನಲ್ಲಿ ರೈಲು ಕೂಗಿತು.

ಮಾವ ಎಲ್ಲಿಗೆ ಹೋಗಿ ಬಂದರೂ ಮೊದಲು ಜೀಪಿನ ಬಾನೆಟ್ಟಿನ ಮೇಲೆ ಕೈಯಿಡುವ ಪದ್ಧತಿ. ಬಾನೆಟ್ಟು ಆಗ ರೊಟ್ಟಿಯ ಹಂಚಿನಷ್ಟು ಸುಡುತ್ತಿತ್ತು. ನೀರು ಹಾಕಿದರೆ ಹಸಿ ಕಾಣುತ್ತದೆ, ಹಾಕದಿದ್ದರೆ ಬಿಸಿ ತಿಳಿಯುತ್ತದೆ. ಗಿರಿಜಾ ಒಳಗೆ ಹೋಗಿ, ಗೋಣಿತಾಟು ತಂದು ಬಾನೆಟ್ಟಿನ ಮೇಲೆ ಹಾಸಿ, ಒಂದು ಮೊರ ಮೆಣಸಿನಕಾಯಿ ಹರವಿದಳು. ಆ ಕ್ಷಣದಲ್ಲಿ ಅವಳ ಕಾಲು ಹಿಡಿಯಬೇಕೆನಿಸಿತು. ಅಷ್ಟರಲ್ಲಿ ಮಾವ ಗೇಟು ದಾಟಿದರು.

"ಇದೇನಬೇ, ಇಲ್ಲಿ ಹರವೀದಿ?"

"ಮಾಳಗಿ ಮ್ಯಾಲೆ ಮಂಗ್ಯಾನ ಕಾಟ ಅಪ್ಪಾ."

ಬ್ಯಾಡಗಿಯ ದಲಾಲ ಮೆಣಸಿನಕಾಯಿ ಕಂಡರೆ ಕೈಯಾಡಿಸದೆ ಮುಂದೆ ಹೋಗುವುದಿಲ್ಲ. ಮಾವ ರಾಶಿಯೊಳಗೆ ಬೆರಳಿಟ್ಟು ತಳದಿಂದ ಒಂದು ಕಾಯಿ ತೆಗೆದರು, ಮುರಿದರು, ಬೀಜ ನೋಡಿದರು, ಮೂಸಿದರು. ಅವರು ನನ್ನ ಕಡೆ ತಿರುಗಿ, "ಜ್ವರಾ ಹ್ಯಾಂಗೈತಿ?" ಎಂದು ಕೇಳಿ ಒಳಗೆ ಹೋದರು.

ಗೆದ್ದೆ ಎಂದುಕೊಂಡು ಮಲಗಿದೆ. ಬೆಳಿಗ್ಗೆ ಮಾವನ ಕೂಗಿಗೆ ಎಚ್ಚರವಾಯಿತು. ತಾಟು ಒಣಗಿತ್ತು. ಮಾವ ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದರು. "ಒಂದ ಹನಿ ಇಲ್ಲ. ಹನ್ನೊಂದ ವರ್ಷದಾಗ ಇವತ್ತ ಮೊದಲ. ಏನಾತ ಇದಕ್ಕ?" ನಾನು, "ಥಂಡಿ ಭಾಳ ಐತಿ ಮಾವಾ, ಎಣ್ಣಿ ಗಟ್ಟಿ ಆಗಿರಬೇಕು" ಎಂದೆ. "ಇರಬಹುದು. ನಾಳೆನೂ ಸೋರಲಿಲ್ಲಂದ್ರ ಮೇಸ್ತ್ರಿನ್ನ ಕರಸಿ ಬಿಚ್ಚಸ್ತೇನಿ" ಎಂದರು. ಮೇಸ್ತ್ರಿ ಕೆಳಗೆ ಹೋದರೆ ಹೊಸ ಚೇಂಬರ್ ಹೊಳೆಯುತ್ತ ಕೂತಿದೆ. ಆಮೇಲೆ ಜ್ವರದ ಸುಳ್ಳು, ಐರಣಿ, ಕೀಲಿ, ಎಲ್ಲವೂ ಒಂದೊಂದಾಗಿ ಹೊರಬರುತ್ತವೆ. ಗಾಡಿಯ ಸೋರಿಕೆ ನಿಲ್ಲಿಸಲು ಮೇಸ್ತ್ರಿಗಳಿದ್ದಾರೆ. ನಿಂತ ಸೋರಿಕೆಯನ್ನು ಮತ್ತೆ ಶುರು ಮಾಡುವವರು ಯಾರಿದ್ದಾರೆ?

ನಾನೇ ಇದ್ದೆ. ಅದೇ ದಿನ ರಾಣೆಬೆನ್ನೂರಿಗೆ ಹೋಗಿ ಹನುಮಂತಪ್ಪನ ಹತ್ತಿರ ಹಳೆಯ ಕಪ್ಪೆಣ್ಣೆ ಬೇಡಿದೆ. ಅವರು ನನ್ನ ಮುಖವನ್ನು ಎರಡು ಸಲ ನೋಡಿ, ಕೆಮ್ಮಿನ ಔಷಧದ ಖಾಲಿ ಬಾಟಲಿಯೊಂದಕ್ಕೆ ತುಂಬಿಕೊಟ್ಟರು. ಮರುದಿನ ನಾಲ್ಕು ಗಂಟೆಗೆ, ಮಾವ ಏಳುವ ಅರ್ಧ ತಾಸು ಮುಂಚೆ ಎದ್ದು, ತಾಟಿಗೆ ಒಂದೂವರೆ ಚಮಚೆ ಸುರಿದು ಬಂದು ಮಲಗಿದೆ. ಮಾವ ಬಂದು ನೋಡಿದರು, ಎಂದಿನಂತೆ ಡಬ್ಬಿಗೆ ಬಗ್ಗಿಸಿಕೊಂಡು ಹೋದರು. ಮರುದಿನವೂ ಸುರಿದೆ. ನಾಲ್ಕನೆಯ ದಿನದ ಹೊತ್ತಿಗೆ ಮತ್ತೆ ನಿದ್ದೆ ಹತ್ತುವುದು ನಿಂತಿತು. ಕೂತು ಏನು ಮಾಡುವುದು, ನೀರು ಕಾಯಿಸಿದೆ, ಸ್ನಾನ ಮಾಡಿದೆ, ಮಾವನ ಹಿಂದೆ ಮಾರ್ಕೆಟ್ಟಿಗೂ ಹೋಗಿಬಂದೆ. ಒಮ್ಮೆ ಅತ್ತೆಗೆ ಕೆಮ್ಮು ಬಂದು, ಹಂಡೆಯ ಹಿಂದೆ ನಾನು ಬಚ್ಚಿಟ್ಟ ಬಾಟಲಿ ಹುಡುಕಿ ಬಿರಡೆ ತೆಗೆದಿದ್ದರು. ನಾನು ಓಡಿಹೋಗಿ ಕಸಿದುಕೊಂಡು, "ಇದು ನನ್ನ ಜ್ವರದ್ದು ಅತ್ತಿ" ಎಂದೆ. "ಏನ ನಾತೋ ಮಾರಾಯ, ಇಂಥಾದ್ದು ಕುಡದ ಬದಕೀಯಲ್ಲ" ಎಂದು ಅವರು ಕಣ್ಣಲ್ಲಿ ನೀರು ತಂದುಕೊಂಡರು. ಆ ಕಣ್ಣೀರಿಗೆ ನನಗೆ ನಿಜವಾಗಿ ನಾಚಿಕೆಯಾಯಿತು. ಬಾಟಲಿ ಖಾಲಿಯಾದಾಗಲೆಲ್ಲ ಹನುಮಂತಪ್ಪನ ಹತ್ತಿರ ತುಂಬಿಸಿಕೊಂಡು ಬಂದೆ; ಎರಡು ತಿಂಗಳು ಹೀಗೆ ನಡೆಯಿತು.

ಯುಗಾದಿಯ ದಿನ ಬೇವುಬೆಲ್ಲ ಕೊಟ್ಟ ಮೇಲೆ ಮಾವ ಗೂಟದಿಂದ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ನಾನು ಬಗ್ಗಿ ಕಾಲು ಮುಟ್ಟಿದೆ. ಏಳುವಾಗ ಅವರು ಮೆಲ್ಲಗೆ, "ನಾಳಿಂದ ಎಣ್ಣಿ ಹಾಕೂದು ಬಿಡು. ಹಾಕೂದಾದ್ರೂ ಒಂದ ಚಮಚೆ ಹಾಕಬೇಕಿತ್ತು, ಹಳೇ ಚೇಂಬರ್ ಅಷ್ಟ ಸೋರ್ತಿದ್ದಿಲ್ಲ" ಎಂದರು.

ಬಾಯಲ್ಲಿದ್ದ ಬೇವು ಆಗ ಕಹಿಯಾಯಿತು. "ನಿಮಗ ಯಾವಾಗ ಗೊತ್ತಾತು ಮಾವಾ?"

"ಬಂದ ದಿನಾನ. ಮೂವತ್ತ ವರ್ಷ ಮೆಣಸಿನಕಾಯಿ ಮುಟ್ಟೇನಿ. ಬಿಸಲಿಗೆ ಇಟ್ಟ ಕಾಯಿ ಮ್ಯಾಲಿಂದ ಕಾಯತೈತಿ, ಕೆಳಗಿಂದ ಕಾಯಾಂಗಿಲ್ಲ. ಮರುದಿನಾ ತಾಟು ಒಣಗಿದ್ದು ಕಂಡು ಕೆಳಗ ಬಗ್ಗಿ ನೋಡಿದ್ನಿ, ಹೊಸಾ ಚೇಂಬರ್."

"ಮತ್ತ ಬೈಲಿಲ್ಲಲ್ಲ?"

"ಬೈದ ನಿನ್ನ ಎಬ್ಬಸಾಕ ಎಷ್ಟ ವರ್ಷ ನೋಡಿದ್ನಿ, ಆಗಲಿಲ್ಲ. ಒಂದ ಬಾಟ್ಲಿ ಎಣ್ಣಿ ಎಬ್ಬಸ್ತು. ನಡೂವ ನಾ ಯಾಕ ಬಾಯಿ ಹಾಕ್ಲಿ?"

ಗಿರಿಜಾ ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದಳು; ಮಾವನಿಗೆ ಎಲ್ಲ ತಿಳಿದಿದೆಯೆಂದು ಅವಳಿಗೂ ಮೊದಲಿನಿಂದ ಗೊತ್ತಿತ್ತೆಂಬುದು ಅದರಲ್ಲೇ ತಿಳಿಯಿತು. ಇರಲಿ, ಕೀಲಿ ನನ್ನ ಕೈಯಲ್ಲಿತ್ತು. ಅವತ್ತು ಅದನ್ನು ನಾನೇ ಆ ಗೂಟಕ್ಕೆ ಹಾಕಿ, ಎರಡು ತಿಂಗಳ ಮೇಲೆ ಮೊದಲ ಬಾರಿ ಎದೆಯಲ್ಲಿ ಭಾರವಿಲ್ಲದೆ ಮಲಗಿದೆ. ಸುರಿಯಲು ಎಣ್ಣೆಯಿಲ್ಲ, ಮುಚ್ಚಿಡಲು ಸುಳ್ಳಿಲ್ಲ. ಎಂಥ ನಿದ್ದೆ ಬಂತೆಂದರೆ, ಎಚ್ಚರವಾದಾಗ ಪಡಸಾಲೆಯ ಗಡಿಯಾರ ಎಂಟೂವರೆ ತೋರಿಸುತ್ತಿತ್ತು. ಹೊರಗೆ ಬಂದು ಗೂಟ ನೋಡಿದೆ. ಕೀಲಿ ಇರಲಿಲ್ಲ. ಅದರ ಜಾಗದಲ್ಲಿ ಸುತಳಿಯಿಂದ ಕೊರಳು ಕಟ್ಟಿದ ಕೆಮ್ಮಿನ ಔಷಧದ ಬಾಟಲಿ ತೂಗುತ್ತಿತ್ತು, ಬಾಯಿಮಟ ಎಣ್ಣೆ ತುಂಬಿಕೊಂಡು.