ಮುನಿಸಿಕೊಂಡವರನ್ನು ಕರೆತರುವ ಕೆಲಸ

ಸಿಟ್ಟು ಮಾಡಿಕೊಳ್ಳುವುದು ಸುಲಭ, ಮುನಿಸಿಕೊಳ್ಳುವುದು ಕಷ್ಟ. ಸಿಟ್ಟಿಗೆ ಒಬ್ಬನೇ ಸಾಕು. ಮುನಿಸಿಗೆ ಮಾತ್ರ ಬಂದು ಸಮಾಧಾನ ಮಾಡುವವನೊಬ್ಬ ಬೇಕೇ ಬೇಕು. ಅವನು ಬರದಿದ್ದರೆ ಮದುವೆಮನೆಯಲ್ಲಿ ಊಟಕ್ಕೇಳದೆ ಕೂತು, ಯಾರ ಕಣ್ಣಿಗೂ ಬೀಳದೆ ಹೋದ ಬೀಗರ ಗತಿಯೇ. ಈ ವಿಷಯದಲ್ಲಿ ನನಗೆ ಅನುಭವ ಸಾಕಷ್ಟಿದೆ. ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿದ್ದ ಆ ಕಾಲದಲ್ಲಿ ನಾನು ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತ. ನಮ್ಮ ಪಕ್ಷದ ತಾಲ್ಲೂಕು ಸಮಿತಿಯಲ್ಲಿ ಹೆಸರಿಗೆ ಸದಸ್ಯ. ಅಲ್ಲಿ ನನ್ನ ನಿಜವಾದ ಕೆಲಸವೆಂದರೆ ಮುನಿಸಿಕೊಂಡು ಎದ್ದುಹೋದವರನ್ನು ಕರೆತರುವುದು.

ಈ ಕೆಲಸಕ್ಕೆ ನನ್ನದೇ ಒಂದು ಕ್ರಮವಿತ್ತು. ಮನೆಗೆ ಹೋದ ಕೂಡಲೇ ವಿಷಯ ಎತ್ತಬಾರದು. ಕೊಟ್ಟ ಕಾಫಿ ಕುಡಿದು, ಮಳೆ ಬೆಳೆ ವಿಚಾರಿಸಿ, ಅವರು ಬೈಯುವುದನ್ನೆಲ್ಲ ತಲೆಯಾಡಿಸುತ್ತ ಕೇಳಬೇಕು. ಕೊನೆಗೆ ಮೆಲ್ಲಗೆ, "ನೀವಿಲ್ಲದೆ ಸಭೆಗೆ ಕಳೆ ಎಲ್ಲಿಂದ ಬರಬೇಕು? ಅಷ್ಟು ದೊಡ್ಡ ಮನಸ್ಸು ನಿಮಗಲ್ಲದೆ ಇನ್ಯಾರಿಗಿದೆ?" ಅನ್ನಬೇಕು. ಆಗ ಅವರು ಸೂರಿನ ತೊಲೆ ನೋಡುತ್ತಾರೆ. ಒಂದು ನಿಟ್ಟುಸಿರು ಬಿಟ್ಟು, ಒಳಗೆ ತಿರುಗಿ, "ಕೋಟು ತಾರೇ" ಅನ್ನುತ್ತಾರೆ. ಕೋಟು ಬಂತೆಂದರೆ ಕೆಲಸ ಆಯಿತು. ಪ್ರತಿಸಲವೂ ಮನೆಗೆ ಬಂದು ಇದನ್ನು ಹೆಂಡತಿಯೆದುರು ಅಭಿನಯಿಸಿ ತೋರಿಸುತ್ತಿದ್ದೆ. ಅವಳು ಅವರೆಕಾಳು ಹಿಸುಕುತ್ತ ನಗುತ್ತಿದ್ದಳು.

ಆ ವರ್ಷ ಅರಸೀಕೆರೆಯಲ್ಲಿ ಪಕ್ಷದ ಸಮ್ಮೇಳನವೆಂದು ನಿಶ್ಚಯವಾಯಿತು. ಬೆಂಗಳೂರಿನಿಂದ ದೊಡ್ಡ ಮುಖಂಡರೊಬ್ಬರು ಬರುವುದಾಗಿ ಒಪ್ಪಿದರು. ಅವರ ಕೊರಳಿಗೆ ಮೊದಲ ಹಾರ ಯಾರು ಹಾಕಬೇಕು ಎಂಬಲ್ಲಿಗೆ ಸಮಿತಿ ಎರಡಾಯಿತು. ನಮ್ಮ ಅಧ್ಯಕ್ಷರು ಗಂಡಸಿಯ ಕೆಂಚೇಗೌಡರು, ತೆಂಗಿನ ತೋಟದ ಧಣಿಗಳು. ಅತಿಥಿಗಳು ಕಾರಿನಲ್ಲಿ ಗಂಡಸಿಯ ಮೇಲೇ ಬರಬೇಕು ಎಂದು ಅವರ ಹಟ. ಕಾರ್ಯದರ್ಶಿಗಳು ಬಾಣಾವರದ ಸೀತಾರಾಮಯ್ಯನವರು, ನಿವೃತ್ತ ಹೆಡ್‌ಮಾಸ್ಟರು. ಅತಿಥಿಗಳು ರೈಲಿನಲ್ಲಿ ಬಂದು ಬಾಣಾವರದಲ್ಲೇ ಇಳಿಯಬೇಕು ಎಂದು ಅವರದು. ಬೆಂಗಳೂರಿನ ರೈಲಿಗೆ ಅರಸೀಕೆರೆ ಮೊದಲು ಸಿಗುತ್ತದೆ, ಬಾಣಾವರ ಆಮೇಲೆ. ಸಮ್ಮೇಳನದ ಊರನ್ನು ಕಿಟಕಿಯಲ್ಲಿ ನೋಡಿಕೊಂಡು ಮುಂದೆ ಹೋಗಿ, ಹಾರ ಹಾಕಿಸಿಕೊಂಡು ಹಿಂದಕ್ಕೆ ಬರಬೇಕೇ ಎಂದು ನಾನು ಕೇಳಿದೆ. "ಏನ್ರೀ, ಮೆರವಣಿಗೆ ಅಂದಮೇಲೆ ಸ್ವಲ್ಪ ದೂರ ಇರಬೇಡವೇ?" ಎಂದರು ಸೀತಾರಾಮಯ್ಯನವರು. ಗೌಡರು ಶಲ್ಯ ಕೊಡವಿ ಎದ್ದುಹೋದರು. ನಾನು ಬಸ್ಸು ಹತ್ತಿ ಗಂಡಸಿಗೆ ಹೋಗಿ ಅವರನ್ನು ಕರೆತಂದೆ. ಅವರು ಬಂದು ಕೂತದ್ದನ್ನು ನೋಡಿ ಸೀತಾರಾಮಯ್ಯನವರು ಎದ್ದರು. ಮರುದಿನ ರೈಲು ಹತ್ತಿ ಬಾಣಾವರಕ್ಕೆ ಹೋದೆ. ಹೀಗೇ ಒಂದು ತಿಂಗಳು.

ಇಷ್ಟೆಲ್ಲ ಅಲೆದದ್ದು ಬರೀ ಪಕ್ಷನಿಷ್ಠೆಯಿಂದ ಎಂದರೆ ಸುಳ್ಳಾದೀತು. ಸಮ್ಮೇಳನದ ವಂದನಾರ್ಪಣೆ ನನಗೆಂದು ಇಬ್ಬರೂ ಒಪ್ಪಿದ್ದರು. ಯಾರಿಗೂ ಬೇಡದ ಕೆಲಸವಾದ್ದರಿಂದ ಅದೊಂದರಲ್ಲಿ ಒಮ್ಮತವಿತ್ತು. ನನಗೆ ಮಾತ್ರ ಅದು ಬೇಕಾಗಿತ್ತು. ನಮ್ಮ ಮಾವನವರು ಬೇಲೂರಿನಲ್ಲಿ ದೇವಸ್ಥಾನದ ಕೆಲಸದಲ್ಲಿದ್ದವರು. ಮಗಳನ್ನು ಕೊಬ್ಬರಿ ಮೂಟೆ ಎಣಿಸುವವನಿಗೆ ಕೊಟ್ಟೆನಲ್ಲ ಎಂಬ ವ್ಯಥೆ ಅವರಿಗೆ ಎಂಟು ವರ್ಷವಾದರೂ ಹೋಗಿರಲಿಲ್ಲ. ಸಾವಿರ ಜನರೆದುರು ಅಳಿಯ ಮೈಕಿನ ಮುಂದೆ ನಿಲ್ಲುವುದನ್ನು ಅವರು ಒಮ್ಮೆ ನೋಡಲಿ ಎಂದು ಕಾಗದ ಬರೆದು ಕರೆಸಿದ್ದೆ. ನಾಲ್ಕು ಪುಟದ ಭಾಷಣ ಬಾಯಿಪಾಠವಾಗಿತ್ತು.

ಸಮ್ಮೇಳನಕ್ಕೆ ಮೂರು ದಿನವಿದ್ದಾಗ ಗೌಡರು ಕೊನೆಯ ಸಲ ಮುನಿದರು. ಆ ದಿನ ನನ್ನ ಕಾಫಿ, ಮಳೆ, ಬೆಳೆ, ದೊಡ್ಡ ಮನಸ್ಸು ಯಾವುದೂ ನಡೆಯಲಿಲ್ಲ. ಉತ್ಸಾಹದಲ್ಲಿ, "ಮೊದಲ ಹಾರ ಒಂದು ಬಿಟ್ಟುಕೊಡಿ ಗೌಡ್ರೇ, ಬೇರೆ ಏನು ಬೇಕೋ ಕೇಳಿ, ನಾನು ಕೊಡಿಸ್ತೀನಿ" ಎಂದುಬಿಟ್ಟೆ.

ಗೌಡರು ತೊಲೆ ನೋಡಿದರು. "ಏನೋ ಸೋಮಿ, ನಮ್ಮ ಅಳಿಯಂಗೂ ನಾಕು ಮಾತಾಡೋ ಆಸೆ ಐತೆ. ಆ ಕೊನೇದು ಯಾವುದೋ ಐತಲ್ಲ, ವಂದ್ನೆ ಹೇಳೋದು, ಅದು ಅವನಿಗಿರ್ಲಿ. ನಾನು ಬತ್ತೀನಿ" ಎಂದರು. ಆಮೇಲೆ ಒಳಗೆ ತಿರುಗಿ ಕೋಟು ಕೇಳಿದರು.

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಅಳು ಬರುವುದೊಂದು ಬಾಕಿ. ಗೌಡರ ಅಳಿಯನಿಗೆ ಆಸೆಯಿದ್ದರೆ ನಮ್ಮ ಮಾವನವರ ಅಳಿಯನಿಗೆ ಇರಬಾರದೇ? ಸಮ್ಮೇಳನದ ದಿನ ಬೆಳಿಗ್ಗೆ ಮಾವನವರು ಜರಿಪೇಟ ಸುತ್ತಿಕೊಂಡು, "ನಿಮ್ಮದು ಎಷ್ಟು ಹೊತ್ತಿಗೆ?" ಎಂದು ಕೇಳಿದರು. ತಲೆನೋವು ಎಂದು ಹೇಳಿ ಅವರನ್ನು ಮುಂದೆ ಕಳಿಸಿ, ಜಗಲಿಯ ಮೇಲೆ ಬೀದಿಗೆ ಮುಖ ಮಾಡಿ ಕೂತೆ. ಪೆಂಡಾಲಿನ ಕಡೆಯಿಂದ ಓಲಗ ಕೇಳಿಸಿತು. ಮೆರವಣಿಗೆ ಮುಗಿದು ಮೈಕು ಶುರುವಾಯಿತು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಯಾರನ್ನ ಕಾಯ್ತಿದ್ದೀರಿ?" ಎಂದಳು ಹೆಂಡತಿ.

"ಯಾರಾದರೂ ಬರ್ತಾರೆ ಕಣೇ. ಮುನಿಸಿಕೊಂಡವರನ್ನ ಬಿಟ್ಟು ಸಭೆ ಮಾಡೋ ಪದ್ಧತಿ ನಮ್ಮಲ್ಲಿಲ್ಲ."

"ಕರೆಯೋಕೆ ಹೋಗೋರು ನೀವೊಬ್ಬರೇ ಅಲ್ಲವೇ? ನೀವೇ ಇಲ್ಲಿ ಕೂತರೆ ಇನ್ಯಾರು ಬರ್ತಾರೆ?"

ಈ ಕೋನದಿಂದ ನಾನು ಯೋಚಿಸಿರಲಿಲ್ಲ. ಅವಳು ಒಳಗೆ ಹೋಗಿ ಕಾಫಿ ತಂದುಕೊಟ್ಟಳು. ಈ ಸಲ ಅವರೆ ಸೊಗಡು ಕಡಿಮೆ ಎಂದಳು. ಗೌಡರನ್ನೂ ಸೀತಾರಾಮಯ್ಯನವರನ್ನೂ ನಾನು ಬೈದದ್ದಕ್ಕೆಲ್ಲ ತಲೆಯಾಡಿಸಿದಳು. ಕೊನೆಗೆ ಮೆಲ್ಲಗೆ, "ನೀವಿಲ್ಲದೆ ಸಭೆಗೆ ಕಳೆ ಎಲ್ಲಿಂದ ಬರಬೇಕು? ಅಷ್ಟು ದೊಡ್ಡ ಮನಸ್ಸು ನಿಮಗಲ್ಲದೆ ಇನ್ಯಾರಿಗಿದೆ?" ಎಂದಳು.

ಅದರಲ್ಲಿ ಒಂದಕ್ಷರವೂ ನಿಜವಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ತಾಲ್ಲೂಕಿನಲ್ಲಿ ಇರಲಿಲ್ಲ. ಆದರೂ ಎದೆಯೊಳಗೆ ಏನೋ ಹಿತವಾಯಿತು. ನನಗೇ ತಿಳಿಯದಂತೆ ಕಣ್ಣು ಸೂರಿನ ತೊಲೆಯ ಕಡೆ ಹೋಯಿತು. ನಿಟ್ಟುಸಿರು ಬಂತು.

"ಕೋಟು ತಾರೇ" ಎಂದೆ. ಅದು ಆಗಲೇ ಅವಳ ತೋಳಿನ ಮೇಲಿತ್ತು.